ಸತ್ಯಾಂಶ: 6 ಪೌಂಡರ್ ಫಿರಂಗಿ ಹುಟ್ಟಿದ್ದು ರೊಮ್ಮೆಲ್ ಹೊಡೆತದಿಂದಲ್ಲ

‘ಬ್ರಿಟಿಷರ 2 ಪೌಂಡರ್ ಬರೀ ಆಟಿಕೆ. ಮರುಭೂಮಿಯಲ್ಲಿ ರೊಮ್ಮೆಲ್‌ನಿಂದ ಪೆಟ್ಟು ತಿಂದ ಮೇಲೆಯೇ ಅವರಿಗೆ 6 ಪೌಂಡರ್ ಮಾಡುವ ಬುದ್ಧಿ ಬಂತು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. (2 ಪೌಂಡರ್, 6 ಪೌಂಡರ್ ಎಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕ್ ನಿರೋಧಕ ಫಿರಂಗಿಗಳು; ರೊಮ್ಮೆಲ್ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಅವರ ಎದುರು ಹೋರಾಡಿದ ಜರ್ಮನ್ ಸೇನಾಪತಿ.)

40 ಮಿ.ಮೀ. ಬಾಯಿಯ 2 ಪೌಂಡರ್ 1940ರಲ್ಲಿ ಎದುರಾದ ಬಹುತೇಕ ಜರ್ಮನ್ ಟ್ಯಾಂಕ್‌ಗಳ ಕವಚ ಸೀಳಬಲ್ಲದಾಗಿತ್ತು. ಮುಂದೆ ಕವಚ ದಪ್ಪವಾದೀತೆಂದು ಊಹಿಸಿಯೇ 1938ರಲ್ಲಿ 57 ಮಿ.ಮೀ. ಬಾಯಿಯ 6 ಪೌಂಡರ್ ಫಿರಂಗಿಯ ಕೆಲಸ ಶುರುವಾಗಿತ್ತು. 1940ರ ಹೊತ್ತಿಗೆ ವಿನ್ಯಾಸವೂ ಸಿದ್ಧ.

ಹಾಗಾದರೆ ತಡವೇಕೆ? 1940ರಲ್ಲಿ ಫ್ರಾನ್ಸ್‌ನ ಡನ್‌ಕರ್ಕ್ ಬಂದರಿನಿಂದ ಬ್ರಿಟಿಷ್ ಸೇನೆ ಹಿಂತೆಗೆದಾಗ ಸುಮಾರು 500 2 ಪೌಂಡರ್ ಫಿರಂಗಿಗಳನ್ನು ಫ್ರಾನ್ಸ್‌ನಲ್ಲೇ ಬಿಟ್ಟುಬರಬೇಕಾಯಿತು. ಜರ್ಮನರು ಯಾವ ದಿನ ಬೇಕಾದರೂ ಕಡಲು ದಾಟಬಹುದಿತ್ತು. ಕಾರ್ಖಾನೆಗಳನ್ನು ಹೊಸ ಫಿರಂಗಿಗೆ ಹೊಂದಿಸುತ್ತ ಕೂತರೆ ಕೈಯಲ್ಲಿ ಹಳೆಯದೂ ಇರುತ್ತಿರಲಿಲ್ಲ. ಆದ್ದರಿಂದ 2 ಪೌಂಡರ್‌ನ್ನೇ ಮುಂದುವರಿಸಿದರು. ನನ್ನ ದೃಷ್ಟಿಯಲ್ಲಿ ಅದು ದಡ್ಡತನವಲ್ಲ, ಕಠಿಣ ಆಯ್ಕೆ.

ಅದರ ಬೆಲೆ ತೆತ್ತವರು ಮಾತ್ರ ಮರುಭೂಮಿಯ ಸೈನಿಕರು. 1941ರ ನವೆಂಬರ್‌ನಲ್ಲಿ ಲಿಬಿಯಾದ ಸಿದಿ ರೆಜೆಗ್‌ನಲ್ಲಿ, ಲಾರಿಯ ಮೇಲಿದ್ದ 2 ಪೌಂಡರ್‌ನಿಂದ ಕೊನೆಯವರೆಗೂ ಗುಂಡು ಹಾರಿಸಿದ ಜಾರ್ಜ್ ವಾರ್ಡ್ ಗನ್ ಎಂಬ ಅಧಿಕಾರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಸಂದಿತು.

6 ಪೌಂಡರ್ 1942ರ ಮೇನಲ್ಲಿ ಲಿಬಿಯಾದ ಗಜಾಲಾ ಕದನಕ್ಕಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಈಜಿಪ್ಟಿನ ಎಲ್ ಅಲಮೇನ್ ಬಳಿಯ ‘ಸ್ನೈಪ್’ ಠಾಣೆಯಲ್ಲಿ ಸುತ್ತುವರಿದ ಟ್ಯಾಂಕ್‌ಗಳನ್ನು ತಡೆದದ್ದು ಈ ಫಿರಂಗಿಗಳೇ.