ಕಲ್ಚರ್ ರಿಪೋರ್ಟ್ ಇನ್ನೂ ಬಂದಿಲ್ಲ

ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಹೊಸದೊಂದು ಕಚೇರಿ ಶುರುವಾಗಿದೆ. ಬಾಗಿಲ ಮೇಲೆ ಹೊಳೆಯುವ ಬೋರ್ಡು: 'ಕಲ್ಚರ್ ಮತ್ತು ಕಮ್ಯುನಿಟಿ ವಿಭಾಗ'. ಬೋರ್ಡು ಹಾಕಿದ ಎರಡನೇ ದಿನವೇ ವಾರ್ಡ್ ಬಾಯ್ ಒಬ್ಬ ಕಫದ ಡಬ್ಬಿ ಹಿಡಿದುಕೊಂಡು ಒಳಗೆ ಬಂದ.

"ಮೇಡಂ, ಮೂರನೇ ವಾರ್ಡಿಂದ. ಕಲ್ಚರ್‌ಗೆ ಕೊಟ್ಟು ಬಾ ಅಂದ್ರು."

ಅವನದೇನೂ ತಪ್ಪಿಲ್ಲ. ಆಸ್ಪತ್ರೆಯಲ್ಲಿ ಕಲ್ಚರ್ ಅಂದರೆ ಒಂದೇ ಅರ್ಥ. ರೋಗಿಯ ಕಫವನ್ನೋ ರಕ್ತವನ್ನೋ ಮೈಕ್ರೋಬಯಾಲಜಿಗೆ ಕಳಿಸಬೇಕು, ಅವರು ಅದನ್ನು 37 ಡಿಗ್ರಿ ಬಿಸಿಯಲ್ಲಿ ಇಟ್ಟು ಏನು ಬೆಳೆಯುತ್ತದೆ ಅಂತ ಕಾಯಬೇಕು. ಕಮ್ಯುನಿಟಿ ಅಂದರೂ ಅಷ್ಟೇ, ಕಮ್ಯುನಿಟಿ ಮೆಡಿಸಿನ್, ಊರಿನ ಜನರ ಆರೋಗ್ಯ ನೋಡುವ ವಿಭಾಗ. ಬೋರ್ಡು ಓದಿದ ಅರ್ಧ ಜನ ಈ ಎರಡು ಡಿಪಾರ್ಟ್‌ಮೆಂಟನ್ನೂ ಒಂದು ಮಾಡಿಬಿಟ್ಟರು ಅಂತಲೇ ತಿಳಿದಿದ್ದರು. ನಿಜಕ್ಕೂ ಇದು ಕಾಲೇಜಿನಲ್ಲಿ ಜನ ಒಬ್ಬರನ್ನೊಬ್ಬರು ಗೌರವದಿಂದ ನಡೆಸಿಕೊಳ್ಳಲಿ ಅಂತ ತೆರೆದ ಕಚೇರಿ.

ವಿಭಾಗದ ಮುಖ್ಯಸ್ಥೆ ಅವನನ್ನು ನಗುನಗುತ್ತಾ ಕೂರಿಸಿದರು. ಕಚೇರಿಗೆ ತಾನಾಗಿಯೇ ಬಂದ ಮೊದಲ ಮನುಷ್ಯ ಅವನು. "ಇಲ್ಲಿ ಎಲ್ಲರ ಮಾತೂ ಕೇಳುತ್ತೇವೆ. ನಿಮ್ಮ ಅನುಭವ ಹೇಳಿ" ಅಂದರು. ಅವನು ಒಂದು ನಿಮಿಷ ಯೋಚಿಸಿದ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ರಿಜಿಸ್ಟರ್ ಮುಂದೆ ತಳ್ಳಿ, "ಇಲ್ಲೊಂದು ಸೈನ್ ಹಾಕಿ ಮೇಡಂ" ಅಂದ. ಹಾಕಿದರು. ಹೊರಟುಹೋದ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನೂ ಆ ವಿಭಾಗದ ಸಮಿತಿಯಲ್ಲಿದ್ದೇನೆ. ಸಮಿತಿಗೆ ಯಾರನ್ನು ಹಾಕಬೇಕು ಅಂತ ಚರ್ಚೆ ಮಾಡಲು ಕರೆದ ಮೀಟಿಂಗಿಗೆ ನಾನು ಹೋಗಿರಲಿಲ್ಲ. ಸಮಿತಿಗೆ ಸೇರಲು ಅಷ್ಟು ಅರ್ಹತೆ ಸಾಕು.

ಹುದ್ದೆಗಳ ಹೆಸರು ಕೇಳಬೇಕು ನೀವು. ಕಲ್ಚರ್‌ಗೆ ಒಬ್ಬರು ವೈಸ್ ಡೀನ್, ಕಮ್ಯುನಿಟಿಗೆ ಒಬ್ಬರು ಅಸೋಸಿಯೇಟ್ ಡೀನ್, 'ಬಿಲಾಂಗಿಂಗ್'ಗೆ ಒಬ್ಬರು ಅಸಿಸ್ಟೆಂಟ್ ಡೀನ್. ಬಿಲಾಂಗಿಂಗ್ ಅಂದರೆ ನಾನೂ ಇಲ್ಲಿಯವನೇ ಅನ್ನುವ ಭಾವ. ಈ ಬಿಲಾಂಗಿಂಗ್‌ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದಕ್ಕೇ ಒಂದು ಇಡೀ ಮೀಟಿಂಗ್ ಹೋಯಿತು. ಕೊನೆಗೆ ಟೈಪಿಸ್ಟು ಡಿಕ್ಷನರಿ ನೋಡಿ, 'ಸ್ವಂತ ಸಾಮಾನುಗಳ ಸಹಾಯಕ ಡೀನ್' ಅಂತ ಹೊಡೆದು ತಂದರು. ತಿದ್ದುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

ಒಂದು ಮಾತು ಹೇಳಲೇಬೇಕು. ಇವರು ಯಾರೂ ಕೆಟ್ಟವರಲ್ಲ. ಮುಖ್ಯಸ್ಥೆಯಂತೂ ಒಳ್ಳೆಯ ಡಾಕ್ಟರು, ರೋಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಮಾತಾಡುವವರು. ಅದಕ್ಕೇ ಅವರನ್ನು ಆರಿಸಿದ್ದು. ಆಮೇಲೆ ಅವರ ಕೈಗೆ ಬ್ಯಾಡ್ಜು, ಪೋಸ್ಟರು, ಕಾಲೇಜಿನ ಹೆಸರಿರುವ ಪೆನ್ನು ಎಲ್ಲ ಕೊಟ್ಟರು. ಒಂದನ್ನು ಮಾತ್ರ ಕೊಡಲಿಲ್ಲ: ಡ್ಯೂಟಿ ಲಿಸ್ಟು. ಯಾರು ಯಾವ ರಾತ್ರಿ ಎಚ್ಚರ ಇರಬೇಕು, ಯಾರ ರಜೆ ರದ್ದಾಗಬೇಕು, ಯಾರಿಗೆ ಇಂಟರ್ನಲ್ ಮಾರ್ಕ್ಸ್ ಎಷ್ಟು, ಯಾರು ಬೈದರೂ ಪ್ರಮೋಷನ್ ನಿಲ್ಲುವುದಿಲ್ಲ, ಇದೆಲ್ಲ ಬೇರೆಯವರ ಬೀರುವಿನಲ್ಲಿದೆ. ಕಲ್ಚರ್ ಬೆಳೆಯುವುದು ಆ ಬೀರುವಿನಲ್ಲಿ. ಅದರ ಬೀಗದ ಕೈ ಬಿಟ್ಟು ಉಳಿದದ್ದೆಲ್ಲ ನಮ್ಮ ಸಮಿತಿ ಹತ್ತಿರ ಇದೆ.

ಮೊದಲ ಕೆಲಸವಾಗಿ ಸರ್ವೆ ಮಾಡಿದೆವು. ಹೆಸರು ಬರೆಯಬೇಕಿಲ್ಲ, ಎಲ್ಲವೂ ಗುಪ್ತ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಕೆಳಗೆ ಡಿಪಾರ್ಟ್‌ಮೆಂಟ್ ಯಾವುದು, ಎಷ್ಟನೇ ವರ್ಷ, ಗಂಡೋ ಹೆಣ್ಣೋ ಅಂತ ಮೂರೇ ಪ್ರಶ್ನೆ. ಒಂದು ಡಿಪಾರ್ಟ್‌ಮೆಂಟಿನಲ್ಲಿ ಎರಡನೇ ವರ್ಷದ ಹುಡುಗಿ ಇರುವುದೇ ಒಬ್ಬಳು. ಅವಳು ಎಷ್ಟು ಗುಪ್ತವಾಗಿದ್ದಾಳು ನೀವೇ ಹೇಳಿ. ಸಾಲದ್ದಕ್ಕೆ ಹಿಂದಿನ ರಾತ್ರಿ ಎಚ್‌ಒಡಿ ಸಾಹೇಬರು ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದರು: "ಎಲ್ಲರೂ ಮುಕ್ತ ಮನಸ್ಸಿನಿಂದ ಸರ್ವೆ ತುಂಬಿ. ನಮ್ಮ ಡಿಪಾರ್ಟ್‌ಮೆಂಟಿನ ಮರ್ಯಾದೆ ಪ್ರಶ್ನೆ." ಕೆಳಗೆ ಒಂದು ನಗುವ ಮುಖ.

ಮೈಕ್ರೋಬಯಾಲಜಿಯ ಮೊದಲ ಪಾಠ ಏನು? ಸ್ಯಾಂಪಲ್ ತೆಗೆಯುವ ಮೊದಲು ಆಂಟಿಬಯಾಟಿಕ್ ಕೊಡಬೇಡ. ಕೊಟ್ಟರೆ ಒಳಗೆ ಇನ್‌ಫೆಕ್ಷನ್ ಇದ್ದರೂ ಪ್ಲೇಟಿನಲ್ಲಿ ಏನೂ ಬೆಳೆಯದೆ ಇರಬಹುದು. 'ನೋ ಗ್ರೋತ್' ಅಂತ ರಿಪೋರ್ಟು ಬರುತ್ತದೆ, ರೋಗಿ ಮಾತ್ರ ಚಳಿಜ್ವರದಲ್ಲಿ ನಡುಗುತ್ತಲೇ ಇರುತ್ತಾನೆ. ನಮ್ಮ ಸರ್ವೆಯ ರಿಪೋರ್ಟೂ ಹಾಗೇ ಬಂತು. ದೂರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಡೀನ್ ಅದನ್ನು ಓದಿ, "ನೋಡಿ, ಎಷ್ಟು ಆರೋಗ್ಯವಾಗಿದೆ ನಮ್ಮ ಕಲ್ಚರ್" ಅಂದರು. ಮೈಕ್ರೋಬಯಾಲಜಿಯ ಪ್ರೊಫೆಸರ್ ಪಕ್ಕದಲ್ಲೇ ಕೂತಿದ್ದರು. ಅವರು ಚಾವಣಿ ನೋಡಿದರು.

ಕಲ್ಚರ್ ಆದಮೇಲೆ ಸೆನ್ಸಿಟಿವಿಟಿ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸವರಿದ ಪ್ಲೇಟಿನ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಮೂಡುತ್ತದೆ. ಮಾಡದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬಂದು ಆರಾಮಾಗಿ ಕೂರುತ್ತವೆ. ನಾವು ಮಾಡಿದ್ದು ಸೆನ್ಸಿಟಿವಿಟಿ ಟ್ರೈನಿಂಗು. 'ಗೌರವದಿಂದ ಮಾತಾಡುವುದು ಹೇಗೆ', ಎರಡು ಗಂಟೆ, ಸರ್ಟಿಫಿಕೇಟ್ ಉಂಟು. ಬಂದವರು ಯಾರು? ಇಂಟರ್ನಿಗಳು, ನರ್ಸುಗಳು, ಮೊದಲ ವರ್ಷದ ಪಿಜಿ ಡಾಕ್ಟರುಗಳು. ಅಂದರೆ ದಿನಾ ಬೈಸಿಕೊಳ್ಳುವವರು. ಅವರಿಗೆ ಬೈಯಬಾರದು ಅಂತ ಪಾಠ ಮಾಡಿ ಕಳಿಸಿದೆವು. ಬೈಯುವವರಿಗೆ ಆ ಹೊತ್ತಿಗೆ ಆಪರೇಷನ್ ಇತ್ತು. ಒಬ್ಬರು ಮಾತ್ರ ಕೊನೇ ಹತ್ತು ನಿಮಿಷಕ್ಕೆ ಬಂದು, ಗ್ರೂಪ್ ಫೋಟೋದಲ್ಲಿ ನಡುಮಧ್ಯೆ ನಿಂತು, ಸರ್ಟಿಫಿಕೇಟ್ ತೆಗೆದುಕೊಂಡರು. ಬಾಗಿಲು ದಾಟುವಾಗ ತಮ್ಮ ಪಿಜಿಗೆ, "ಏಯ್ ಕತ್ತೆ, ಫೈಲ್ ಎಲ್ಲಿ?" ಅಂದರು. ಉಂಗುರ ಮೂಡಲಿಲ್ಲ.

ಈ ಕಲ್ಚರ್ ನಮ್ಮ ಕಾಲೇಜಿನಲ್ಲೇ ಹುಟ್ಟಿದ್ದೇನೂ ಅಲ್ಲ ಬಿಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದದ್ದು 1889ರಲ್ಲಿ. ಅಲ್ಲಿನ ಸರ್ಜರಿ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್, ಕಲಿಯುವ ಡಾಕ್ಟರು ಆಸ್ಪತ್ರೆಯಲ್ಲೇ ಉಳಿದು ಹಗಲು ರಾತ್ರಿ ದುಡಿಯಬೇಕು ಅನ್ನುವ ಪದ್ಧತಿಯನ್ನು ಗಟ್ಟಿ ಮಾಡಿದರು. ಅವರನ್ನು ಕರೆಯುವ 'ರೆಸಿಡೆಂಟ್' ಅನ್ನುವ ಮಾತಿನಲ್ಲೇ ಇದೆಯಲ್ಲ, ಮನೆ ಎಲ್ಲಿ ಅಂತ. ದೊಡ್ಡ ಸರ್ಜನ್, ಅನುಮಾನವಿಲ್ಲ. ಆದರೆ ಮರಗಟ್ಟಿಸುವ ಔಷಧಿಯಾಗಿ ಕೊಕೇನನ್ನು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಅದರ ಚಟಕ್ಕೆ ಬಿದ್ದವರು. ಅವರು ಹಾಕಿಕೊಟ್ಟ ದಾರಿಯಲ್ಲಿ ಇವತ್ತಿನ ಮಕ್ಕಳು ಬರೀ ಕಾಫಿ ಕುಡಿದು ನಡೆಯಬೇಕು.

1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಝಯಾನ್ ಅನ್ನುವ 18 ವರ್ಷದ ಹುಡುಗಿ, ಸೇರಿದ ಒಂದು ದಿನದೊಳಗೆ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಂಡವರು ಇನ್ನೂ ಕಲಿಯುತ್ತಿದ್ದ ಡಾಕ್ಟರುಗಳು, ಅವರ ತಲೆ ಮೇಲೆ ಬೇರೆ ರೋಗಿಗಳೂ ಬೇಕಾದಷ್ಟಿದ್ದರು. ಅವಳ ತಂದೆ ಪತ್ರಕರ್ತ, ಸುಮ್ಮನೆ ಕೂರಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ಇಂಥ ಡಾಕ್ಟರುಗಳ ಕೆಲಸಕ್ಕೆ ವಾರಕ್ಕೆ 80 ಗಂಟೆ ಅಂತ ಮಿತಿ ಹಾಕಿತು. ಇಡೀ ಅಮೆರಿಕಕ್ಕೆ ಆ ಮಿತಿ ಬರಲು 2003 ಆಯಿತು. 80 ಗಂಟೆ, ಅದೂ ನಾಲ್ಕು ವಾರದ ಸರಾಸರಿ. ಇದು ಸುಧಾರಣೆ ಆದಮೇಲಿನ ಲೆಕ್ಕ. ಇದನ್ನು ನಮ್ಮ ಸಮಿತಿಯಲ್ಲಿ ಹೇಳಿದೆ. "ಡ್ಯೂಟಿ ವಿಷಯ ನಮ್ಮ ವ್ಯಾಪ್ತಿಗೆ ಬರೋದಿಲ್ಲ ಡಾಕ್ಟ್ರೇ" ಅಂದರು. ಹೌದಲ್ವಾ, ಬೀರು.

ನಮ್ಮ ವ್ಯಾಪ್ತಿಗೆ ಬರುವುದು ಉಸಿರಾಟ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟ್ ಅಂದರೇನು ಅಂತ ಬಿಡಿಸಿ ಹೇಳಿತು. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟರೆ ಬರುವ ಸ್ಥಿತಿ ಅದು, ರೋಗವಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ತನ್ನ ರೋಗಗಳ ಪಟ್ಟಿಯಲ್ಲೇ ಬರೆಯಿತು. ಅಂದರೆ ಮದ್ದು ಬೇಕಾಗಿರುವುದು ಕೆಲಸದ ಜಾಗಕ್ಕೆ. ನಾವು ಪಿಜಿಗಳನ್ನು ಸಾಲಾಗಿ ಕೂರಿಸಿ, ಮೂಗಿನಿಂದ ಉಸಿರು ಎಳೆದುಕೊಳ್ಳಿ, ಬಾಯಿಂದ ಬಿಡಿ ಅಂದೆವು. ಸಂಜೆ ಏಳು ಗಂಟೆಗೆ, ಹಾಜರಿ ಕಡ್ಡಾಯ. ಹಿಂದಿನ ರಾತ್ರಿ ಡ್ಯೂಟಿ ಮಾಡಿದ್ದ ಹುಡುಗನೊಬ್ಬ ಎರಡನೇ ಉಸಿರಿಗೇ ಗೊರಕೆ ಶುರು ಮಾಡಿದ. ಟ್ರೈನರ್‌ಗೆ ಬಹಳ ಖುಷಿಯಾಯಿತು. "ನೋಡಿ, ಎಷ್ಟು ಬೇಗ ರಿಲ್ಯಾಕ್ಸ್ ಆದರು!"

ಬೋರ್ಡಿನ ವಿಷಯ ಬಂದಾಗ ಅಮೆರಿಕದವರನ್ನು ನೆನೆಯದೆ ಇರಲು ಆಗುವುದಿಲ್ಲ. ಅಲ್ಲಿ ವರ್ಷಗಟ್ಟಲೆ 'ಡೈವರ್ಸಿಟಿ, ಈಕ್ವಿಟಿ, ಇನ್‌ಕ್ಲೂಷನ್' ಅಂತ ಬೋರ್ಡು ಹಾಕಿಕೊಂಡ ಕಚೇರಿಗಳಿದ್ದವು. 2025ರ ಜನವರಿಯಲ್ಲಿ ಹೊಸ ಸರ್ಕಾರ ಬಂದು ಆ ಮೂರು ಪದಗಳ ಮೇಲೆ ಕೆಂಗಣ್ಣು ಬಿಟ್ಟಿತು. ಎಷ್ಟೋ ವಿಶ್ವವಿದ್ಯಾಲಯಗಳು ಕಚೇರಿಯನ್ನೇ ಮುಚ್ಚಿದವು. ಇನ್ನು ಕೆಲವು ಸ್ಕ್ರೂಡ್ರೈವರ್ ಹಿಡಿದು ಬಂದವು. ಹಳೆ ಬೋರ್ಡು ಇಳಿಯಿತು, 'ಕಮ್ಯುನಿಟಿ', 'ಕಲ್ಚರ್' ಅನ್ನುವ ಪದಗಳಿರುವ ಹೊಸ ಬೋರ್ಡು ಏರಿತು. ಯಾರಿಗೂ ಸಿಟ್ಟು ಬರದಂಥ ಪದಗಳು, ಯಾಕೆಂದರೆ ಅವುಗಳ ಅರ್ಥ ಏನು ಅಂತ ಯಾರೂ ಖಚಿತವಾಗಿ ಹೇಳಲಾರರು.

ನಮ್ಮಲ್ಲಿ ಅಷ್ಟು ದೊಡ್ಡ ರಾಜಕೀಯ ಇಲ್ಲ. ನಮ್ಮ ತೊಂದರೆ ಎಲ್ಲ ಆ ಡಬ್ಬಿಯದು.

ವಾರ್ಡ್ ಬಾಯ್ ಸೈನ್ ಹಾಕಿಸಿಕೊಂಡು ಬಿಟ್ಟುಹೋದ ಡಬ್ಬಿಯನ್ನು ನಮ್ಮ ಗುಮಾಸ್ತರು ಜೋಪಾನವಾಗಿ ಡ್ರಾಯರಿನಲ್ಲಿಟ್ಟಿದ್ದರು. 'ಬಂದ ಮನವಿಗಳು: 1' ಅಂತ ವರದಿಯಲ್ಲೂ ಬರೆದಿದ್ದರು. ಅತ್ತ ಮೂರನೇ ವಾರ್ಡಿನಲ್ಲಿ ಮೂರು ದಿನವಾದರೂ ರಿಪೋರ್ಟ್ ಬರಲಿಲ್ಲ. ಪ್ರೊಫೆಸರ್ ರೌಂಡ್ಸಿಗೆ ಬಂದರು, ರೋಗಿಯ ಎದುರೇ ಪಿಜಿಗೆ ಕೇಳಿದರು: "ಕಲ್ಚರ್ ಎಲ್ಲಿ? ನಿನಗೆ ಕಲ್ಚರ್ ಅನ್ನೋದೇ ಇಲ್ವಾ?" ಹಿಂದಿನ ಗೋಡೆಯ ಮೇಲೆ ನಮ್ಮದೇ ಪೋಸ್ಟರು ಇತ್ತು, ಕೈ ಮುಗಿದ ಚಿತ್ರ, 'ಗೌರವ ಇಲ್ಲಿಂದಲೇ ಶುರು'. ಹುಡುಗಿ ಏನೂ ಹೇಳಲಿಲ್ಲ. ಬೇರೆ ಸ್ಯಾಂಪಲ್ ತೆಗೆದು, ಈ ಸಲ ತಾನೇ ಓಡಿಹೋಗಿ ಲ್ಯಾಬಿಗೆ ಕೊಟ್ಟು ಬಂದಳು.

ಡ್ರಾಯರ್ ತೆಗೆದದ್ದು ಹೋದ ವಾರ, ಬ್ಯಾಡ್ಜ್ ಹುಡುಕುವಾಗ. ಮುಖ್ಯಸ್ಥೆ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟು ಮೈಕ್ರೋಬಯಾಲಜಿಗೆ ಫೋನ್ ಮಾಡಿದರು.

"ಅಯ್ಯೋ, ಮುಚ್ಚಳ ತೆಗೀಬೇಡಿ ಮೇಡಂ" ಅಂದರು ಆ ಕಡೆಯವರು. "ಏನೋ ಒಂದು ಬೆಳೆದಿರುತ್ತೆ."

ಮುಖ್ಯಸ್ಥೆ ಫೋನ್ ಇಟ್ಟು ನಮ್ಮ ಕಡೆ ತಿರುಗಿದರು. ವಾರ್ಷಿಕ ವರದಿ ಕಳಿಸಲು ಇನ್ನೂ ಎರಡು ದಿನ ಇತ್ತು.