ಬ್ಯಾಂಕ್ ಅಂದರೆ ಹೊಳೆಯ ಬದಿ ಅಂತ ಬರೆದ ಹುಡುಗನ ಪರವಾಗಿ

ನಿನ್ನೆ ಸಂಜೆಯಿಂದ ನನಗೆ ತಲೆಬಿಸಿ. ತಂಗಿಯ ಮೊಮ್ಮಗ ಆರನೇ ಕ್ಲಾಸು. ಇಂಗ್ಲಿಷ್ ಟೆಸ್ಟಿನ ಪೇಪರ್ ತಂದು ಅಮ್ಮನ ಸಹಿಗೆ ಇಟ್ಟಿದ್ದ. ಅರ್ಥ ಬರೆಯಿರಿ ಅಂತ ಐದು ಪದ ಕೊಟ್ಟಿದ್ದಾರೆ. ಅದರಲ್ಲಿ ಒಂದು 'ಬ್ಯಾಂಕ್'. ಇವನು ಬರೆದದ್ದು 'ಹೊಳೆಯ ಬದಿಯ ನೆಲ' ಅಂತ. ಇಂಗ್ಲಿಷಿನಲ್ಲೇ ಬರೆದಿದ್ದಾನೆ, ಸ್ಪೆಲ್ಲಿಂಗ್ ಒಂದೂ ತಪ್ಪಿಲ್ಲ. ಅದರ ಮೇಲೆ ಕೆಂಪು ಶಾಯಿಯ ದೊಡ್ಡ ಇಂಟು ಮಾರ್ಕು. ಪಕ್ಕದಲ್ಲಿ 'ಹಣ ಇಡುವ ಜಾಗ' ಅಂತ ತಿದ್ದಿದ್ದಾರೆ. ಅದನ್ನೇ ಹತ್ತು ಸಲ ಬರೆದುಕೊಂಡು ಬರಬೇಕಂತೆ.

ಹುಡುಗ ಕೂತು ಬರೆಯುತ್ತಿದ್ದ. ಬರೆಯುತ್ತಾ ತಲೆ ಎತ್ತಿ ಕೇಳಿದ, "ಅಜ್ಜಿ, ಹಾಗಾದ್ರೆ ಹೊಳೆಯದ್ದಕ್ಕೆ ಬ್ಯಾಂಕ್ ಅಂತ ಹೇಳುವುದಿಲ್ವಾ?"

ಅವರ ಮನೆ ಉಡುಪಿ ಕಡೆಯ ಸ್ವರ್ಣಾ ಹೊಳೆಯ ಬದಿಯಲ್ಲಿ. ಹೋದ ಮಳೆಗಾಲದಲ್ಲಿ ದಂಡೆ ಕುಸಿದು ತೋಟದ ತೆಂಗಿನಮರ ಬುಡಸಮೇತ ನೀರಿಗೆ ಹೋಯಿತು. ಮರ ವಾಲುತ್ತಾ ವಾಲುತ್ತಾ ಬೇರು ಕಿತ್ತು ಬಂದದ್ದನ್ನು ಈ ಹುಡುಗ ಅಂಗಳದಲ್ಲಿ ನಿಂತು ಕಣ್ಣಾರೆ ನೋಡಿದ್ದಾನೆ. ಬ್ಯಾಂಕ್ ಅಂತ ಕೇಳಿದ ಕೂಡಲೇ ಅವನಿಗೆ ನೆನಪಾದದ್ದು ಅದು. ಸರಿಯಾಗಿಯೇ ನೆನಪಾಗಿದೆ. ಅದಕ್ಕೆ ಸೊನ್ನೆ.

ನಾನು ಜೀವಮಾನ ಎಲ್ಲ ಬ್ಯಾಂಕಿನ ಕೌಂಟರಿನ ಹಿಂದೆ ಕೂತವಳು ಅಂತ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಹಣದ ಬ್ಯಾಂಕಿನ ಅನ್ನ ಉಂಡವಳು. ಆದರೂ ಹೇಳುತ್ತೇನೆ, ಇಂಗ್ಲಿಷಿನಲ್ಲಿ ಹೊಳೆಯ ಬ್ಯಾಂಕೇ ಹಿರಿಯದು. ಸ್ಕ್ಯಾಂಡಿನೇವಿಯಾ ಕಡೆಯ ಜನರ ಮಾತಿನ ಮೂಲಕ ಅದು ಯಾವತ್ತೋ ಇಂಗ್ಲಿಷಿಗೆ ಸೇರಿತ್ತು. ಹಣದ ಬ್ಯಾಂಕ್ ಬಂದದ್ದು 15ನೇ ಶತಮಾನದ ಕೊನೆಗೆ, ಇಟಲಿಯಿಂದ, ಫ್ರಾನ್ಸಿನ ದಾರಿಯಾಗಿ. ಅದಕ್ಕೂ ಮೊದಲು ನೂರಾರು ವರ್ಷ ಇಂಗ್ಲೆಂಡಿನ ಜನ ಬ್ಯಾಂಕ್ ಅಂದದ್ದು ದಿಬ್ಬಕ್ಕೆ, ಒಡ್ಡಿಗೆ, ನದಿಯ ದಂಡೆಗೆ. ಅಂದರೆ ನಮ್ಮ ಹುಡುಗ ತಪ್ಪು ಬರೆಯಲಿಲ್ಲ, ಮೊದಲನೇ ಅರ್ಥವನ್ನೇ ಬರೆದ.

ಇದಕ್ಕೆ ದೊಡ್ಡ ವಿದ್ವಾಂಸರು ಬೇಕಾಗಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಇರುವ ಡಿಕ್ಷನರಿ ತೆರೆದರೆ ಸಾಕು. ಎರಡೂ ಬ್ಯಾಂಕ್ ಒಂದರ ಕೆಳಗೆ ಒಂದು ಇವೆ.

ಇನ್ನು ಈ ಹಣದ ಬ್ಯಾಂಕಿನ ಕಥೆ ಹೇಳಲೇಬೇಕು. ನನಗೆ ಅದು ತುಂಬ ಇಷ್ಟ. ಇಟಲಿಯ ವೆನಿಸ್, ಫ್ಲಾರೆನ್ಸ್, ಜಿನೋವಾದಂಥ ವ್ಯಾಪಾರದ ಊರುಗಳಲ್ಲಿ ಬೇರೆ ಬೇರೆ ರಾಜ್ಯದ ನಾಣ್ಯ ಓಡಾಡುತ್ತಿತ್ತು. ಅದನ್ನು ತೂಗಿ, ಉಜ್ಜಿ ನೋಡಿ, ಬದಲಿ ಕೊಡುವ ಸರಾಫರು ಪೇಟೆಯಲ್ಲಿ ಒಂದು ಬೆಂಚೋ ಮೇಜೋ ಹಾಕಿ ಕೂರುತ್ತಿದ್ದರು. ಆ ಬೆಂಚಿಗೆ ಅಲ್ಲಿನವರು 'ಬಾಂಕೊ' ಅನ್ನುತ್ತಿದ್ದರು. ಬೆಂಚಿನ ಹೆಸರೇ ವ್ಯವಹಾರಕ್ಕೆ ಅಂಟಿಕೊಂಡಿತು. ಕೈಸೋತ ಸರಾಫನದು 'ಮುರಿದ ಬೆಂಚು', ಬಾಂಕಾ ರೊಟ್ಟಾ. ಇಂಗ್ಲಿಷಿನವರ ಬ್ಯಾಂಕ್ರಪ್ಟ್, ಅಂದರೆ ದಿವಾಳಿ, ಬಂದದ್ದು ಅದರಿಂದಲೇ. ಸಂತೆಯಲ್ಲಿ ಬೆಂಚು ಹತ್ತಿ ನಿಂತು ಬೊಗಳೆ ಬಿಟ್ಟು ಮದ್ದು ಮಾರುವವನಿಗೆ ಮೌಂಟ್‌ಬ್ಯಾಂಕ್ ಅಂತ ಹೆಸರು. ಬೆಂಚು ಹತ್ತಿದವನು ಅಂತಲೇ ಅರ್ಥ. ಮದುವೆ ಹಾಲ್‌ಗಳಲ್ಲಿ ಬ್ಯಾಂಕ್ವೆಟ್ ಅಂತ ಬೋರ್ಡ್ ಹಾಕುತ್ತಾರಲ್ಲ, ಅದೂ ಮೂಲದಲ್ಲಿ ಸಣ್ಣ ಬೆಂಚೇ.

ಬೆಂಚ್ ಅನ್ನುವ ಇಂಗ್ಲಿಷ್ ಪದವೂ ಇದೇ ಮನೆಯದು. ನದಿಯ ಬ್ಯಾಂಕ್, ಹಣದ ಬ್ಯಾಂಕ್, ಕೂರುವ ಬೆಂಚ್, ಮೂರಕ್ಕೂ ಹಳೆಯ ಜರ್ಮನಿಕ್ ಮೂಲ ಒಂದೇ. ನೆಲದಿಂದ ಸ್ವಲ್ಪ ಎತ್ತರಕ್ಕೆ ಎದ್ದದ್ದು ಅನ್ನುವುದು ಒಳಗಿನ ಭಾವ. ಮಣ್ಣು ಎದ್ದರೆ ದಂಡೆ, ಮರದ ಹಲಗೆ ಎದ್ದರೆ ಬೆಂಚು, ಬೆಂಚಿನ ಮೇಲೆ ಹಣ ಇಟ್ಟರೆ ಬ್ಯಾಂಕು. ಜರ್ಮನ್ ಭಾಷೆಯಲ್ಲಿ ಈಗಲೂ ಕೂರುವ ಬೆಂಚಿಗೂ ಹಣದ ಬ್ಯಾಂಕಿಗೂ ಒಂದೇ ಪದ. ಬಹುವಚನ ಮಾಡುವಾಗ ಮಾತ್ರ ಬೇರೆಯಾಗುತ್ತದೆ.

ಇದನ್ನು ಹುಡುಗನಿಗೆ ಹೇಳುತ್ತಿದ್ದಾಗ ನನಗೆ ಥಟ್ಟನೆ ಹೊಳೆದದ್ದು ನಮ್ಮ 'ಕಟ್ಟೆ'. ಯೋಚನೆ ಮಾಡಿ ನೋಡಿ. ನೀರು ನಿಲ್ಲಿಸಲು ಕಟ್ಟಿದ್ದು ಕಟ್ಟೆ. ಅಶ್ವತ್ಥ ಮರದ ಸುತ್ತ ಕೂರಲಿಕ್ಕೆ ಕಟ್ಟಿದ್ದೂ ಕಟ್ಟೆ. ಊರಿನ ಹಿರಿಯರು ಕೂತು ನ್ಯಾಯ ಹೇಳುವುದು ಪಂಚಾಯ್ತಿ ಕಟ್ಟೆ. ಕೋರ್ಟಿನ ಪೀಠಕ್ಕೆ ಬೆಂಚ್ ಅನ್ನುತ್ತಾರಲ್ಲ, ಥೇಟ್ ಹಾಗೆಯೇ. ಇನ್ನು ಹಣ? ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಯ ಹತ್ತಿರ ಸುಂಕದಕಟ್ಟೆ ಇದೆ. ಸುಂಕ ವಸೂಲಿಗೆ ಕೂರುವ ಜಾಗ ಅಂತ ಹೆಸರೇ ಹೇಳುತ್ತದೆ. ಬ್ಯಾಂಕ್ ಪದಕ್ಕೂ ನಮ್ಮ ಕಟ್ಟೆಗೂ ಹುಟ್ಟಿನ ಸಂಬಂಧ ಇಲ್ಲ, ಕಟ್ಟೆ ಬಂದದ್ದು ಕಟ್ಟು ಅನ್ನುವುದರಿಂದ. ಆದರೆ ನೀರು, ಆಸನ, ನ್ಯಾಯ, ಹಣ ಅಂತ ಎರಡೂ ನಡೆದ ದಾರಿ ಒಂದೇ. ಎಲ್ಲಿಯ ಇಟಲಿ, ಎಲ್ಲಿಯ ಬಜಪೆ! ನನಗೆ ರಾತ್ರಿ ನಿದ್ದೆ ಬಾರದಷ್ಟು ಖುಷಿಯಾಯಿತು.

ಆ ಖುಷಿಯ ಬೆನ್ನಿಗೇ ಮತ್ತೆ ಸಿಟ್ಟು ಬಂತು. ಇಷ್ಟು ಸೊಗಸಾದ ಕಥೆ ಒಂದು ಪದದೊಳಗೆ ಇದೆ. ಅದರ ಬಾಗಿಲನ್ನು ತಾನೇ ತಳ್ಳಿದ ಹುಡುಗನಿಗೆ ಶಾಲೆ ಕೊಟ್ಟದ್ದು ಇಂಟು ಮಾರ್ಕು, ಜೊತೆಗೆ ಹತ್ತು ಸಲದ ಶಿಕ್ಷೆ.

ಟೀಚರ್ ಆಗಿರುವ ಗೆಳತಿಗೆ ರಾತ್ರಿಯೇ ಫೋನ್ ಮಾಡಿದೆ. ಅವಳು ಹೇಳಿದ್ದು: "ನಿನಗೆ ಗೊತ್ತಾಗುವುದಿಲ್ಲ ಮಾರಾಯ್ತಿ. ಪೋರ್ಷನ್ ಮುಗಿಸಬೇಕು, ರಾಶಿ ಪೇಪರ್ ತಿದ್ದಬೇಕು. ಕೀ ಆನ್ಸರಿನಲ್ಲಿ ಏನಿದೆಯೋ ಅದಕ್ಕೆ ಮಾರ್ಕು. ಎಲ್ಲ ಅರ್ಥ ಹೇಳಲು ಹೊರಟರೆ ಮಕ್ಕಳಿಗೆ ಗೊಂದಲ."

ಟೀಚರುಗಳ ಕಷ್ಟ ನನಗೆ ಅರ್ಥವಾಗುತ್ತದೆ. ಅವರಿಗೆ ಕೆಲಸ ಜಾಸ್ತಿ, ಸಂಬಳ ಕಡಿಮೆ. ಆದರೆ ಈ ಗೊಂದಲದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಊರಿನ ಮಕ್ಕಳಿಗೆ ಗೊಂದಲವಾ? ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಗೆಳೆಯನ ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್. ದಿನಕ್ಕೆ ಎಷ್ಟು ಸಲ ಭಾಷೆ ಬದಲಿಸುತ್ತಾರೆ! 'ಕರೆ' ಅಂದರೆ ಏನು ಅಂತ ಕೇಳಿ. ಅಮ್ಮನನ್ನು ಕರೆ ಅಂದಾಗ ಒಂದು, ದನದ ಹಾಲು ಕರೆ ಅಂದಾಗ ಒಂದು, ಅಂಗಿಗೆ ಬಾಳೆಕಾಯಿಯ ಕರೆ ಅಂಟಿದಾಗ ಇನ್ನೊಂದು. ಕಂಬಳಕ್ಕೆ ಹೋದರೆ ಕೋಣ ಓಡುವುದು ಕರೆಯಲ್ಲಿ. ಮೂಡುಬಿದಿರೆಯ ಕೋಟಿ ಚೆನ್ನಯ ಜೋಡುಕರೆ ಕಂಬಳದ ಹೊತ್ತಿಗೆ ಮೈಕಿನಲ್ಲಿ ಕರೆ ಅಂತ ಕೂಗಿದರೆ ಯಾವ ಮಗುವೂ ಯಾರನ್ನೋ ಕರೆಯುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಇದನ್ನೆಲ್ಲ ಯಾರೂ ಕೂರಿಸಿ ಕಲಿಸಿದ್ದಲ್ಲ. ಸುತ್ತಲಿನ ಮಾತು ಕೇಳಿ ಬಂದದ್ದು. ಇಂಗ್ಲಿಷ್ ಅಂದ ಕೂಡಲೇ ಅದೇ ಮಗುವಿಗೆ ಒಂದು ಪದಕ್ಕೆ ಒಂದೇ ಅರ್ಥ ಅಂತ ಬೇಲಿ ಹಾಕುವುದು ಯಾಕೆ?

ಅದೂ ಎಂಥ ಭಾಷೆಗೆ! ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಅನ್ನುವ ಮೂರಕ್ಷರದ ಪದಕ್ಕೆ ನಾನೂರಕ್ಕೂ ಹೆಚ್ಚು ಅರ್ಥ ಕೊಟ್ಟಿದ್ದಾರೆ. ಆಮೇಲೆ 'ರನ್' ಅದನ್ನೂ ಮೀರಿಸಿದೆ. ಅರ್ಥದ ಮೇಲೆ ಅರ್ಥ ಹೊತ್ತುಕೊಂಡೇ ಬೆಳೆದ ಭಾಷೆ ಅದು.

ಬ್ಯಾಂಕ್ ಪದ ಬೆಳೆಯುವುದು ಇನ್ನೂ ನಿಂತಿಲ್ಲ. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಅನ್ನುವ ಡಾಕ್ಟರು ರಕ್ತ ಸಂಗ್ರಹಿಸಿ ಇಟ್ಟು ಬೇಕಾದವರಿಗೆ ಕೊಡುವ ವ್ಯವಸ್ಥೆ ಮಾಡಿ ಅದಕ್ಕೆ 'ಬ್ಲಡ್ ಬ್ಯಾಂಕ್' ಅಂತ ಹೆಸರಿಟ್ಟರು. ಆಮೇಲೆ ಕಣ್ಣಿನ ಬ್ಯಾಂಕು, ಎದೆಹಾಲಿನ ಬ್ಯಾಂಕು ಎಲ್ಲ ಬಂದವು. ಬಜಪೆಯಲ್ಲಿ ಇಳಿಯುವ ವಿಮಾನ ತಿರುಗುವಾಗ ಒಂದು ರೆಕ್ಕೆ ಕೆಳಗೆ ಮಾಡುತ್ತದಲ್ಲ, ಅದಕ್ಕೂ ಬ್ಯಾಂಕ್ ಅನ್ನುತ್ತಾರೆ. ಅದು ಹೊಳೆಯ ದಂಡೆಯ ಇಳಿಜಾರಿನ ಕಡೆಯ ಸಂಬಂಧ. ಅಳಿವೆ ಬಾಗಿಲಿನಲ್ಲಿ ಬೋಟಿನವರು ಹೆದರುವ ಮರಳ ದಿಬ್ಬವೂ ಸ್ಯಾಂಡ್ ಬ್ಯಾಂಕೇ. ಇದರಲ್ಲಿ ಯಾವುದಕ್ಕೆಲ್ಲ ಇಂಟು ಹಾಕುತ್ತಾರೆ?

ಹಣದ ಅರ್ಥ ನನಗೆ ಬೇಡವಾದದ್ದಲ್ಲ. ಈ ಕರಾವಳಿಯಲ್ಲಿ ಹುಟ್ಟಿ ಹಾಗೆ ಹೇಳಲಿಕ್ಕೆ ಬಾಯಿ ಬರುತ್ತದಾ? 1906ರ ಒಂದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದನ್ನು ಕಟ್ಟಿದರು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ನೇಕಾರರ ಕಷ್ಟ ನೋಡಿ 8,000 ರೂಪಾಯಿ ಬಂಡವಾಳದಲ್ಲಿ ಶುರುವಾದದ್ದು ಸಿಂಡಿಕೇಟ್ ಬ್ಯಾಂಕ್. ಅವರೇ 1928ರಲ್ಲಿ ಪಿಗ್ಮಿ ಅನ್ನುವ ಸಣ್ಣ ಉಳಿತಾಯದ ಯೋಜನೆ ತಂದರು. ದಿನಕ್ಕೆ ಎರಡಾಣೆ ಉಳಿಸಿದರೂ ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಬ್ರಾಂಚಿನಲ್ಲಿ ಇನ್ನೂ ಹಿತ್ತಾಳೆ ಟೋಕನ್ ಇತ್ತು. ಮೀನು ಮಾರುವ ಹೆಂಗಸರು ಒದ್ದೆ ಕೈಯಲ್ಲಿ ಅದನ್ನು ಹಿಡಿದುಕೊಂಡು ಗೋಡೆ ಬದಿಯ ಉದ್ದ ಬೆಂಚಿನಲ್ಲಿ ಕೂರುತ್ತಿದ್ದರು. ನಂಬರ್ ಕರೆದಾಗ ಎದ್ದು ಬಂದು, ಸೆರಗಿನ ತುದಿಯಲ್ಲಿ ಟೋಕನ್ ಒರೆಸಿ ಕೌಂಟರಿನ ಮೇಲೆ ಇಡುತ್ತಿದ್ದರು. ಬೆಂಚಿನಿಂದಲೇ ಬ್ಯಾಂಕ್ ಹುಟ್ಟಿತು ಅಂತ ಮೊದಲ ಸಲ ಓದಿದಾಗ ನನ್ನ ಕಣ್ಣೆದುರು ಬಂದದ್ದು ಇಟಲಿ ಅಲ್ಲ, ಆ ಬೆಂಚು. ನಮ್ಮ ಬ್ಯಾಂಕ್ ಬೇರೆ ಬ್ಯಾಂಕಿನಲ್ಲಿ ವಿಲೀನವಾದ ನಂತರ ಹಳೆಯ ಬೋರ್ಡ್ ಇಳಿಸಿದರು ಅಂತ ಕೇಳಿ ನಾನು ಅತ್ತಿದ್ದೇನೆ. ಮನೆಯವರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಹಾಗಾಗಿ 'ಹಣ ಇಡುವ ಜಾಗ' ಅನ್ನುವ ಮೂರು ಪದ ನೋಡಿದಾಗ ಎರಡೂ ಕಡೆಯಿಂದ ನೋವಾಯಿತು. ಹೊಳೆಯ ಅರ್ಥವನ್ನು ಅಳಿಸಿದರು, ಉಳಿಸಿಕೊಂಡ ಅರ್ಥದಲ್ಲಾದರೂ ಜೀವ ಇಟ್ಟರಾ ಅಂದರೆ ಅದೂ ಇಲ್ಲ. ಹಣ ಇಡುವ ಜಾಗ ಮನೆಯ ಕಪಾಟೂ ಹೌದು.

ತಂಗಿಯ ಮಗಳು ಹೇಳುತ್ತಾಳೆ, "ಬಿಡಿ ದೊಡ್ಡಮ್ಮ, ಒಂದು ಮಾರ್ಕಿಗೆ ಯಾಕೆ ಶಾಲೆಗೆ ಹೋಗುವುದು? ಆಮೇಲೆ ಅವನಿಗೇ ಕಷ್ಟ." ಮಾರ್ಕಿನದ್ದು ನನಗೆ ದೊಡ್ಡ ವಿಷಯ ಅಲ್ಲ. ತನಗೆ ಗೊತ್ತಿದ್ದದ್ದೇ ತಪ್ಪು ಅಂತ ಅವನು ನಂಬಲು ಶುರು ಮಾಡಿದ್ದಾನೆ. ಹತ್ತು ಸಲ ಬರೆದು ಮುಗಿಸಿದ ಮೇಲೆ ಮುಂದಿನ ಪರೀಕ್ಷೆಯಲ್ಲಿ ಅವನು ಹೊಳೆಯನ್ನು ನೆನಪು ಮಾಡಿಕೊಳ್ಳುತ್ತಾನಾ? ಕೀ ಆನ್ಸರ್ ಏನಿರಬಹುದು ಅಂತ ಯೋಚನೆ ಮಾಡುತ್ತಾನೆ.

ಸೋಮವಾರ ನಾನು ಶಾಲೆಗೆ ಹೋಗುತ್ತೇನೆ. ಜಗಳಕ್ಕೆ ಅಲ್ಲ, ಡಿಕ್ಷನರಿ ಹಿಡಿದುಕೊಂಡು ಹೋಗುತ್ತೇನೆ. ಆ ಟೀಚರ್ ಚಿಕ್ಕ ಹುಡುಗಿ ಅಂತೆ, ಹೊಸದಾಗಿ ಸೇರಿದವಳು. ಅವಳ ಜೊತೆ ಕೂತು ಮಾತಾಡುತ್ತೇನೆ. ಅರ್ಥ ಕೇಳುವುದಿದ್ದರೆ ಬರೀ ಪದ ಕೊಡಬೇಡಿ, ಒಂದು ವಾಕ್ಯದಲ್ಲಿ ಇಟ್ಟು ಕೊಡಿ, ಅಥವಾ ಗೊತ್ತಿರುವ ಅರ್ಥ ಎಲ್ಲ ಬರೆಯಿರಿ ಅಂತ ಕೇಳಿ ಅಂತ ಹೇಳುತ್ತೇನೆ. ಇದಕ್ಕೆ ಪೋರ್ಷನ್ ಏನೂ ಹಿಂದೆ ಬೀಳುವುದಿಲ್ಲ. ನಿಮ್ಮ ಮಕ್ಕಳ ಪೇಪರಿನಲ್ಲಿ ಇಂಥ ಸರಿ ಉತ್ತರಕ್ಕೆ ಇಂಟು ಬಿದ್ದದ್ದು ಇದ್ದರೆ ಫೋಟೋ ತೆಗೆದು ನನಗೆ ಕಳಿಸಿ. ಮಗುವಿನ ಹೆಸರು, ಶಾಲೆಯ ಹೆಸರು ಬೇಡ. ಹೋಗುವಾಗ ಅವನ್ನೂ ತೋರಿಸುತ್ತೇನೆ.