ಏಳಂತಸ್ತಿನ ತೊಟ್ಟಿ ಮನೆಗೆ ನೆರೆ ಬಂದಿದ್ದು

ಅಮೆರಿಕದಲ್ಲಿ ಜೇಮ್ಸ್ ಕೇಸ್‌ಬಿಯರ್ ಅಂತ ಒಬ್ಬ ಕಲಾವಿದರಿದ್ದಾರೆ, 1953ರಲ್ಲಿ ಹುಟ್ಟಿದವರು. ಮೇಜಿನ ಮೇಲೆ ಪುಟ್ಟ ಪುಟ್ಟ ಕಟ್ಟಡ ಕಟ್ಟಿ, ಲೈಟು ಬಿಟ್ಟು ಫೋಟೊ ತೆಗೆಯೋದೇ ಅವರ ಕೆಲಸ. ಎಪ್ಪತ್ತರ ದಶಕದಿಂದ ಅದನ್ನೇ ಮಾಡ್ತಾ ಬಂದಿದ್ದಾರೆ. ಕೆಲವು ಚಿತ್ರಗಳಲ್ಲಿ ಪಡಸಾಲೆ ತುಂಬ ನೀರು ನಿಂತಿರುತ್ತದೆ. ಜನರೇ ಇಲ್ಲ, ಬರೀ ಗೋಡೆ, ಬೆಳಕು, ನೀರು. ನೋಡಿದರೆ ಮೈ ಜುಂ ಅನ್ನುತ್ತೆ. ನಾನೂ ನೋಡಿದೆ. ಎಡವಟ್ಟು ಶುರುವಾಗಿದ್ದೇ ಅಲ್ಲಿಂದ.

ಮನೆಯಲ್ಲಿ ಫ್ರಿಡ್ಜ್ ಬಂದಿದ್ದ ರಟ್ಟಿನ ಡಬ್ಬ ಇತ್ತು, ಫೆವಿಕಾಲ್ ಇತ್ತು, ಭಾನುವಾರ ಇತ್ತು. ಎಲ್ಲೂ ಇಲ್ಲದ ಮನೆ ಕಟ್ಟಬೇಕು ಅಂತ ಏಳಂತಸ್ತಿನ ತೊಟ್ಟಿ ಮನೆಗೆ ಕೈ ಹಾಕಿದೆ. ಐವತ್ತರಲ್ಲಿ ಒಂದು ಪಾಲು ಅಳತೆ, ಅಂದರೆ ಏಳಡಿ ಬಾಗಿಲು ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಕಂಬ ಕೊಯ್ಯುವಾಗ ಬೆರಳೂ ಸ್ವಲ್ಪ ಸೇರಿಕೊಂಡಿತು. ಒಂದು ಭಾನುವಾರದ ಕೆಲಸ ಐದು ಭಾನುವಾರ ತಿಂದಿತು.

ಅಮ್ಮ ಬಂದು ಬಗ್ಗಿ ನೋಡಿದಳು. "ಅಡುಗೆಮನೆ ಎಲ್ಲೋ?"

ಇರಲಿಲ್ಲ.

"ಏಳು ಮಹಡಿ ಕಟ್ಟಿದ್ದೀಯ, ಒಂದು ಒಲೆಗೆ ಜಾಗ ಇಲ್ವಾ? ಮೆಟ್ಟಿಲು ಬೇರೆ ಈಶಾನ್ಯಕ್ಕೆ ಬಂದಿದೆ."

"ಅಮ್ಮ, ಇದು ಕಲ್ಪನೆಯ ಮನೆ."

"ಆದರೇನು, ವಾಸ್ತು ಬೇಡ್ವಾ?" ಅಂದವಳೇ ಏಳೂ ಅಂತಸ್ತನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ಇಟ್ಟಳು. ಮೆಟ್ಟಿಲು ನೈಋತ್ಯಕ್ಕೆ ಹೋಯಿತು. ಒಪ್ಪಿಕೊಳ್ಳೋಕೆ ಕಷ್ಟ, ಆದರೆ ಆಗಲೇ ಕಿಟಕಿಯ ಬಿಸಿಲು ಕಂಬಗಳ ನಡುವೆ ಓರೆಯಾಗಿ ಬಿದ್ದು, ಐದು ವಾರದಲ್ಲಿ ಮೊದಲ ಸಲ ಅದು ಮನೆ ಥರ ಕಾಣಿಸಿತು.

ಫೋಟೊದಲ್ಲಿ ಮಾತ್ರ ಕೇಕಿನ ಡಬ್ಬ. ಹತ್ತಿರದಿಂದ ತೆಗೆದರೆ ಒಂದು ಕಂಬ ಸ್ಪಷ್ಟ, ಮಿಕ್ಕಿದ್ದೆಲ್ಲ ಮಸುಕು. ಕಣ್ಣು ತಕ್ಷಣ ಆಟಿಕೆ ಅಂತ ಹಿಡಿದುಬಿಡುತ್ತೆ. ಗೆಳೆಯನ ಕ್ಯಾಮೆರಾ ತಂದು, ಹಿಂದೆ ಮುಂದೆ ಎಲ್ಲ ಸ್ಪಷ್ಟ ಬರಲಿ ಅಂತ ಲೆನ್ಸಿನ ಕಂಡಿಯನ್ನು ಎಫ್ 22ಕ್ಕೆ, ಅಂದರೆ ತೀರಾ ಕಿರಿದಿಗೆ ಇಳಿಸಿ, ಕಡಿಮೆ ಬೆಳಕಿಗೆ ಸರಿದೂಗಲಿ ಅಂತ ಎಂಟು ಸೆಕೆಂಡು ತೆರೆದಿಟ್ಟೆ. ಎಂಟು ಸೆಕೆಂಡೂ ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಒಂದು ಕಟ್ಟಿರುವೆ ನೆಟ್ಟಗೆ ತೊಟ್ಟಿಯ ನಡುವೆ ಬಂದು, ಫೋಟೊ ಅಂತ ಗೊತ್ತಿದ್ದ ಹಾಗೆ ನಿಂತುಬಿಟ್ಟಿತು. ಒಂದು ಸೆಂಟಿಮೀಟರ್ ಇರುವೆ ನನ್ನ ಮನೆ ಲೆಕ್ಕದಲ್ಲಿ ಅರ್ಧ ಮೀಟರ್!

ಇರಲಿ, ನೀರು ಬಂದರೆ ಅದೇ ಹೋಗುತ್ತೆ ಅಂತ ತೊಟ್ಟಿಗೆ ಒಂದು ಲೋಟ ನೀರು ಬಿಟ್ಟೆ. ಮನೆಯನ್ನು ಚಿಕ್ಕದು ಮಾಡಬಹುದು, ನೀರನ್ನು ಮಾಡೋಕಾಗಲ್ಲ ಅಂತ ಆಗ ಗೊತ್ತಾಯಿತು. ಸೂರಿನಿಂದ ಬಿದ್ದ ಒಂದೊಂದು ಹನಿಯೂ ತೆಂಗಿನಕಾಯಿ ಗಾತ್ರ. ಅದನ್ನು ನೋಡ್ತಾ ಕೂತವನಿಗೆ ರಟ್ಟು ನೀರು ಕುಡಿಯುತ್ತೆ ಅನ್ನೋದು ಹೊಳೆಯಲೇ ಇಲ್ಲ. ಗೋಡೆ ಬುಡದಿಂದ ಹಾಲಿನ ಹಾಗೆ ಫೆವಿಕಾಲ್ ಇಳಿಯಿತು. ಮೊದಲನೇ ಅಂತಸ್ತು ಮೆತ್ತಗಾಯಿತು. ಮೇಲಿನ ಆರೂ ನಿಧಾನಕ್ಕೆ, ಹಿರಿಯರ ಕಾಲಿಗೆ ಬೀಳುವವರ ಥರ, ಮುಂದಕ್ಕೆ ಬಾಗಿದವು.

ಜರ್ಮನಿಯ ಕಲಾವಿದ ಥಾಮಸ್ ಡೆಮಾಂಡ್ ಕಾಗದ, ರಟ್ಟಿನಲ್ಲೇ ನಿಜ ಅಳತೆಯ ಕೋಣೆಗಳನ್ನು ಮಾಡಿ, ಫೋಟೊ ತೆಗೆದ ಮೇಲೆ ಸಾಮಾನ್ಯವಾಗಿ ತಾವೇ ನಾಶ ಮಾಡಿಬಿಡ್ತಾರೆ. ಅವರದ್ದು ಫೋಟೊ ಆದ ಮೇಲೆ, ನನ್ನದು ಅದಕ್ಕೂ ಮುಂಚೆ, ಅದೊಂದೇ ವ್ಯತ್ಯಾಸ. ಗಾಬರಿಯಲ್ಲಿ ನಾನು ಮೊಬೈಲಿನಲ್ಲೇ ಒಂದು ಹೊಡೆದೆ. ಕೈ ನಡುಗಿ ಪೂರಾ ಅಲ್ಲಾಡಿತ್ತು. ಬೇಜಾರಿಗೆ ಅದನ್ನೇ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ನೆಲ ಒರೆಸೋಕೆ ಬಟ್ಟೆ ತರಲು ಹೋದೆ.

ವಾಪಸ್ ಬರೋ ಹೊತ್ತಿಗೆ ಅತ್ತೆಯ ಮೆಸೇಜು: "ಅಯ್ಯೋ ದೇವರೇ, ಯಾವೂರಿನ ಮಳೆನೋ ಇದು? ಯಾರಿಗೂ ಏನೂ ಆಗಿಲ್ಲ ತಾನೆ?" ಅದರ ಕೆಳಗೆ ಇನ್ನೊಂದು: "ಮೇಲಿನ ಮಹಡೀಲಿ ಪಾಪ ಒಂದು ಕಪ್ಪು ನಾಯಿ ಸಿಕ್ಕಿಹಾಕ್ಕೊಂಡಿದೆ ನೋಡು, ಯಾರಾದ್ರೂ ಇಳಿಸ್ರೋ."